ನಾಡಿನ ಮಗು, ಕಾಗದದ ಪ್ರಜೆ: ಸ್ವಾಹಿಲಿಯ ಎರಡು ಪದಗಳು

ಕೆನ್ಯಾ, ತಾಂಜಾನಿಯಾಗಳಲ್ಲಿ ಸಭೆಯೆದುರು ನಿಂತವರು 'ವನನ್ಚಿ ವೆಂಜಂಗು' ಎಂದು ಜನರನ್ನು ಕರೆಯುವುದುಂಟು. ನನ್ನ ಸಹಪ್ರಜೆಗಳೇ ಎಂದರ್ಥ. ಎರಡೇ ಪದ, ಆದರೆ ಸ್ವಾಹಿಲಿ ವ್ಯಾಕರಣದ ಮುಖ್ಯ ಕೀಲು ಇಲ್ಲೇ ಇದೆ.

'ಮ್ವನ' ಎಂದರೆ ಮಗು, 'ನ್ಚಿ' ಎಂದರೆ ನಾಡು. ಒಬ್ಬರಾದರೆ ಮ್ವನನ್ಚಿ, ಹಲವರಾದರೆ ವನನ್ಚಿ. ಕನ್ನಡದಲ್ಲಿ ಬಹುವಚನ ಪದದ ಬಾಲಕ್ಕೆ ಹತ್ತುತ್ತದೆ. ಸ್ವಾಹಿಲಿಯಲ್ಲಿ ತಲೆ ಬದಲಾಗುತ್ತದೆ, ಅದರ ಜೊತೆಗೆ ಗುಣವಾಚಕ, ಕ್ರಿಯಾಪದಗಳ ತಲೆಯೂ ಬದಲಾಗುತ್ತದೆ. ಒಳ್ಳೆಯ ಪ್ರಜೆ ಬಂದಿದ್ದಾನೆ ಎನ್ನಲು 'ಮ್ವನನ್ಚಿ ಮ್ವೆಮ ಅಮೆಫಿಕ', ಹಲವರು ಬಂದಿದ್ದರೆ 'ವನನ್ಚಿ ವೆಮ ವಮೆಫಿಕ'. ಹೊಸಬರು ನಾಮಪದವನ್ನಷ್ಟೇ ಬದಲಿಸಿ ಉಳಿದೆರಡನ್ನು ಹಾಗೇ ಬಿಡುತ್ತಾರೆ. ಇಂಗ್ಲಿಷ್ ಅಭ್ಯಾಸದವರು 'ಮ್ವನನ್ಚಿ'ಯ ಕೊನೆಗೆ ಒಂದು 'ಸ್' ಅಂಟಿಸಿಬಿಡುವುದೂ ಉಂಟು.

'ಸಹ' ಎಂಬುದನ್ನು ನಾವು ಪದದ ಮುಂದೆ ಇಡುತ್ತೇವೆ. ಸ್ವಾಹಿಲಿಯಲ್ಲಿ ಅದು ಹಿಂದೆ ಬರುತ್ತದೆ, ಯಾರ ಸಹ ಎಂಬುದನ್ನೂ ಹೊತ್ತು ಬರುತ್ತದೆ. 'ಮ್ವೆಂಜಿ' ಎಂದರೆ ಜೊತೆಗಾರ. ಮ್ವೆಂಜಂಗು ನನ್ನ ಜೊತೆಗಾರ, ಮ್ವೆಂಜೆತು ನಮ್ಮವನು, ಮ್ವೆಂಜಾವೊ ಅವರವನು. ಬಹುವಚನದಲ್ಲಿ ತಲೆಯ 'ವ'ಕಾರ ಮುಂದಿನ 'ಎ'ಯೊಡನೆ ಬೆರೆತು 'ವೆ' ಆಗುತ್ತದೆ: ವೆಂಜಂಗು. ಹಾಗಾಗಿ 'ಮ್ವನನ್ಚಿ ವೆಂಜಂಗು' ಎಂದರೆ ಕಿವಿಗೆ ಒರಟು. ಒಂದು ತಲೆ ಏಕವಚನ, ಇನ್ನೊಂದು ಬಹುವಚನ.

'ಮ್ವನ' ಸೇರಿದ ಪದಗಳು ಬೇಕಾದಷ್ಟಿವೆ: ಮ್ವನಶೆರಿಯ (ವಕೀಲ), ಮ್ವನಜೆಶಿ (ಸೈನಿಕ), ಮ್ವನಸಯನ್ಸಿ (ವಿಜ್ಞಾನಿ). ಇಲ್ಲೆಲ್ಲ ಮಗು ಎಂಬ ಅರ್ಥ ಸವೆದು, ಆ ಬಳಗಕ್ಕೆ ಸೇರಿದವನು ಎಂಬುದು ಉಳಿದಿದೆ. ಹೆಂಗಸು ಮಾತ್ರ ತುಸು ಹಠಮಾರಿ: ಮ್ವನಮ್ಕೆ ಬಹುವಚನದಲ್ಲಿ ವನವಕೆ ಆಗಿ ಎರಡು ಕಡೆ ಬದಲಾಗುತ್ತದೆ.

ಆದರೆ ಪೌರತ್ವಕ್ಕೆ ಕಾನೂನು ಬಳಸುವ ಪದ ಬೇರೆ: ಉರಯೀಯ. ಅದರ ಮೂಲ 'ರಯೀಯ', ಅಂದರೆ ಪ್ರಜೆ. ಸೈನಿಕನಲ್ಲದ ನಾಗರಿಕ ಎಂಬರ್ಥವೂ ಇದಕ್ಕಿದೆ. ಏಕವಚನ, ಬಹುವಚನಗಳಲ್ಲಿ ರೂಪ ಒಂದೇ, ಆದರೂ ಜೊತೆಯ ಪದಗಳು ಮನುಷ್ಯರಿಗೆ ತಕ್ಕಂತೆ ಬದಲಾಗುತ್ತವೆ: ರಯೀಯ ಮ್ವೆಮ, ರಯೀಯ ವೆಮ. ಇದು ಬಂದದ್ದು ಅರಬಿಯಿಂದ. ಕುರುಬನು ಕಾಯುವ ಮಂದೆ, ಆಮೇಲೆ ದೊರೆ ಕಾಯುವ ಪ್ರಜೆ. ಅದೇ ಅರಬಿ ಪದ ಪಾರಸಿಯ ದಾರಿಯಲ್ಲಿ ನಮ್ಮ ಕಂದಾಯದ ಕಡತಗಳಿಗೂ ಬಂದು ಭೂಮಿ ಉಳುವವನಿಗೆ ಅಂಟಿಕೊಂಡಿತು. ನಮ್ಮ 'ರೈತ' ಹುಟ್ಟಿದ್ದು ಹೀಗೆ.

ಬಳಕೆಯಲ್ಲಿ ಮ್ವನನ್ಚಿ, ರಯೀಯ ಎರಡಕ್ಕೂ ಇರುವ ಅಂತರ ದೊಡ್ಡದು. ವಿದೇಶಿಯನ್ನು 'ರಯೀಯ ವ ಕಿಗೇನಿ', ಪರದೇಶದ ಪ್ರಜೆ, ಎನ್ನಬಹುದು; ಮ್ವನನ್ಚಿಯನ್ನು ಅಲ್ಲಿ ಕೂರಿಸಿದರೆ ಮಾತು ತನ್ನನ್ನೇ ಅಲ್ಲಗಳೆಯುತ್ತದೆ. ನಾಡಿನ ಮಗು ಎಂಬಲ್ಲಿ ಮಣ್ಣಿನ ಮಗ ಎಂಬ ದನಿಯೂ ಇರುವುದರಿಂದ, ಪಾಸ್‌ಪೋರ್ಟ್ ಇದ್ದ ಭಾರತೀಯ ಮೂಲದ ಅಂಗಡಿಯವನು ರಯೀಯ ಸರಿ, ಮ್ವನನ್ಚಿ ಹೌದೇ ಎಂಬ ಪ್ರಶ್ನೆ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಪೂರ್ವ ಆಫ್ರಿಕಾವನ್ನು ಕಾಡಿತ್ತು. ತಂಗನ್ಯೀಕದ (ಇಂದಿನ ತಾಂಜಾನಿಯಾದ ಮುಖ್ಯ ಭೂಭಾಗ) ಪೌರತ್ವ ಮಸೂದೆ 1961ರಲ್ಲಿ ಚರ್ಚೆಗೆ ಬಂದಾಗ, ಚರ್ಮದ ಬಣ್ಣ ಪೌರತ್ವದ ಅಳತೆಯಾಗಬಾರದೆಂದು ಅಲ್ಲಿನ ಆಗಿನ ಪ್ರಧಾನಿ ಜೂಲಿಯಸ್ ನ್ಯೆರೆರೆ ಪಟ್ಟು ಹಿಡಿದರು. ಕೆನ್ಯಾದಲ್ಲಿ ಏಷ್ಯನ್ ಮೂಲದವರನ್ನು ದೇಶದ 44ನೆಯ ಬುಡಕಟ್ಟೆಂದು ಸರ್ಕಾರ ಅಧಿಕೃತವಾಗಿ ಒಪ್ಪಿದ್ದು 2017ರಲ್ಲಿ. ಅವರಲ್ಲಿ ಬಹಳ ಮಂದಿಯ ಕೈಯಲ್ಲಿ ಕೆನ್ಯಾದ ಪಾಸ್‌ಪೋರ್ಟ್ ಅದಕ್ಕೂ ಮೊದಲೇ ಇತ್ತು.