ಟೈಟರ್ ಅರ್ಧ ಆದರೆ ಇಮ್ಯುನಿಟಿ ಅರ್ಧ ಆಗೋದಿಲ್ಲ

‘ಫ್ಲೂ ವಾಸಿಯಾದ ಮೇಲೆ ಟೈಟರ್ 1:320 ಇತ್ತು, ಈಗ 1:160. ಇಮ್ಯುನಿಟಿ ಅರ್ಧ ಹೋಯ್ತು.’ ಈ ಲೆಕ್ಕವನ್ನು ಓದಿ ಓದಿ ಸಾಕಾಗಿದೆ. ಟೈಟರ್ ಎಂದರೆ ಸೀರಮ್ಮನ್ನು, ಅಂದರೆ ರಕ್ತದ ತಿಳಿಯನ್ನು, ಎಷ್ಟು ಪಟ್ಟು ತೆಳುವಾಗಿಸಿದರೂ ಅದರಲ್ಲಿನ ಪ್ರತಿಕಾಯ (ಆಂಟಿಬಾಡಿ) ಪರೀಕ್ಷೆಯಲ್ಲಿ ಕಾಣುತ್ತದೆ ಎಂಬ ಲೆಕ್ಕ.

ಟೈಟರ್ ಮೂಲದಲ್ಲಿ ಟಂಕಸಾಲೆಯ ಮಾತು. ಫ್ರೆಂಚಿನ ‘ತಿತ್ರ್’ ಎಂದರೆ ಚಿನ್ನ ಬೆಳ್ಳಿಯ ಚೊಕ್ಕತನ, ಬೆರಕೆಯಲ್ಲಿ ಅಸಲು ಲೋಹದ ಪಾಲೆಷ್ಟು ಎನ್ನುವುದು. ಅದರ ಹಿಂದಿರುವುದು ಲ್ಯಾಟಿನ್ನಿನ ‘ತಿತುಲುಸ್’: ಫಲಕ, ಮೇಲ್ಬರಹ. ಪುಸ್ತಕದ ಟೈಟಲ್ಲೂ ಇದರ ದಾಯಾದಿಯೇ. 1832ರಲ್ಲಿ ಫ್ರೆಂಚ್ ರಸಾಯನವಿಜ್ಞಾನಿ ಗೇ-ಲುಸ್ಸಾಕ್ ಬೆಳ್ಳಿಯನ್ನು ಕುಲುಮೆಗೆ ಹಾಕದೆ, ಆಮ್ಲದಲ್ಲಿ ಕರಗಿಸಿ, ಉಪ್ಪಿನ ದ್ರಾವಣ ಹನಿಸಿ ಅಳೆಯುವ ಕ್ರಮ ಪ್ರಕಟಿಸಿದ. ಕಾಲೇಜಿನಲ್ಲಿ ಬ್ಯೂರೆಟ್ ಹಿಡಿದು ಮಾಡಿದ ಟೈಟ್ರೇಶನ್ ಅದೇ ವಂಶದ್ದು. ಅಂದರೆ ಟೈಟರ್ ಒಂದು ಅಳತೆ, ‘ಶಕ್ತಿ’ಗೆ ಇನ್ನೊಂದು ಹೆಸರಲ್ಲ.

ಫ್ಲೂ ಪರೀಕ್ಷೆಯ ಪ್ಲೇಟನ್ನೇ ನೋಡಿ. ಮೊದಲ ವೆಲ್‌ನಲ್ಲಿ (ಪ್ಲೇಟಿನ ಪುಟ್ಟ ಕುಳಿ) 1:10, ಅಂದರೆ ಹತ್ತು ಪಟ್ಟು, ತೆಳುವಾಗಿಸಿದ ಸೀರಮ್. ಅಲ್ಲಿಂದ 25 ಮೈಕ್ರೋಲೀಟರ್ ತೆಗೆದು ಪಕ್ಕದ ವೆಲ್‌ನ 25 ಮೈಕ್ರೋಲೀಟರ್ ಸಲೈನಿಗೆ ಬೆರೆಸಿದರೆ 1:20. ಹೀಗೇ 1:40, 1:80. ಎಲ್ಲಕ್ಕೂ ಒಂದೇ ಪ್ರಮಾಣದ ವೈರಸ್, ಆಮೇಲೆ ಕೋಳಿಯ ಕೆಂಪು ರಕ್ತಕಣ. ಪ್ರತಿಕಾಯ ಸಾಕಷ್ಟಿದ್ದರೆ ಕಣಗಳು ತಳದಲ್ಲಿ ಅಂಗಿಯ ಗುಂಡಿಯಂತೆ ಕೂರುತ್ತವೆ. ಸಾಲದಿದ್ದರೆ ವೈರಸ್ ಅವನ್ನು ಹಿಡಿದು ಬಲೆಯಂತೆ ಹರಡುತ್ತದೆ. ಗುಂಡಿ ಕಂಡ ಕೊನೆಯ ವೆಲ್ ಯಾವುದೋ ಅದೇ ಟೈಟರ್. 1:320ಕ್ಕೂ 1:160ಕ್ಕೂ ಒಂದೇ ವೆಲ್ ಅಂತರ. ಪಿಪೆಟ್ ತುದಿಯಲ್ಲಿ ಉಳಿದ ಹನಿಯೋ ಓದಿದವರ ಕಣ್ಣೋ ಅಷ್ಟು ವ್ಯತ್ಯಾಸ ತಂದೀತು. ಅದಕ್ಕೇ ಹೊಸ ಸೋಂಕು ಎನ್ನಲು ನಾಲ್ಕು ಪಟ್ಟು, ಅಂದರೆ ಎರಡು ವೆಲ್, ಏರಬೇಕು. ಜ್ವರದ ಮೊದಲ ವಾರದ ಸ್ಯಾಂಪಲ್ಲನ್ನೂ ಎರಡು ಮೂರು ವಾರ ಬಿಟ್ಟು ತೆಗೆದದ್ದನ್ನೂ ಒಂದೇ ದಿನ, ಅಕ್ಕಪಕ್ಕ ನಡೆಸಬೇಕು. ಬೇರೆ ಬೇರೆ ಲ್ಯಾಬಿನ ರಿಪೋರ್ಟುಗಳನ್ನು ಹೋಲಿಸುವುದು ವ್ಯರ್ಥ. ಪ್ರತಿಕಾಯವನ್ನು ಬಣ್ಣದ ಗಾಢತೆಯಿಂದ ಅಳೆಯುವ ಎಲೈಸಾ ಪರೀಕ್ಷೆಯ ‘ಇಂಡೆಕ್ಸ್ 3.2’ ಟೈಟರ್ರೇ ಅಲ್ಲ.

ಇಳಿಯುವುದು ನಿಜ, ಇಳಿಯಲೇಬೇಕು. ಸೋಂಕಿನಲ್ಲಿ ಮೊದಲು ಹುಟ್ಟುವ ಪ್ರತಿಕಾಯ ಐಜಿಎಂ ಸುಮಾರು 5 ದಿನಕ್ಕೆ, ಆಮೇಲೆ ಬಂದು ಬಹುಕಾಲ ಉಳಿಯುವ ಐಜಿಜಿ ಸುಮಾರು 21 ದಿನಕ್ಕೆ ಅರ್ಧವಾಗುತ್ತದೆ. ಪ್ರತಿಕಾಯ ತಯಾರಿಸುವುದು ಪ್ಲಾಸ್ಮಾ ಕೋಶಗಳು; ಸೋಂಕಿನ ಹೊತ್ತಲ್ಲಿ ಹುಟ್ಟಿದ ಅವುಗಳಲ್ಲಿ ಹೆಚ್ಚಿನವು ಬೇಗ ಸಾಯುವುದರಿಂದ ಮೊದಲ ಕೆಲವು ತಿಂಗಳ ಇಳಿಜಾರು ಕಡಿದು. ಉತ್ಪಾದನೆ ಪೂರಾ ನಿಂತಿದ್ದರೆ 1:1280 ಇದ್ದದ್ದು ಆರು ತಿಂಗಳಲ್ಲಿ ಎಂಟು ಸಲ ಅರ್ಧವಾಗಿ, 1:5ಕ್ಕೆ ಬಂದು, ಮೊದಲ ವೆಲ್‌ನಲ್ಲೂ ಕಾಣುತ್ತಿರಲಿಲ್ಲ. ಹಾಗಾಗದಿರುವುದು ಮೂಳೆಮಜ್ಜೆಯಲ್ಲಿ ನೆಲೆಯೂರಿದ ಕೋಶಗಳು ದಿನವೂ ಹೊಸ ಪ್ರತಿಕಾಯ ಸುರಿಯುವುದರಿಂದ. 1846ರಲ್ಲಿ ಉತ್ತರ ಅಟ್ಲಾಂಟಿಕ್‌ನ ಫಾರೋ ದ್ವೀಪಗಳಿಗೆ ದಡಾರ ಬಂದಾಗ, 1781ರಲ್ಲಿ ಅದು ಬಂದು ಹೋಗಿದ್ದ ಮುದುಕರಿಗೆ ಮತ್ತೆ ತಗುಲಲಿಲ್ಲ.

ಡೆಂಗಿಯಲ್ಲಂತೂ ‘ಇದ್ದಷ್ಟೂ ಒಳ್ಳೆಯದು’ ಎಂಬ ಮಾತೂ ನಿಲ್ಲದು. ನಿಕರಾಗುವಾದ ಮಕ್ಕಳ ಅಧ್ಯಯನ 2017ರಲ್ಲಿ ತೋರಿಸಿದಂತೆ, ಮುಂದಿನ ಸೋಂಕು ತೀವ್ರವಾಗುವ ಅಪಾಯ ಹೆಚ್ಚಿದ್ದದ್ದು ಟೈಟರ್ 1:21ರಿಂದ 1:80ರ ನಡುವೆ ಇದ್ದವರಿಗೆ. ಪ್ರತಿಕಾಯ ಏನೂ ಇಲ್ಲದವರಿಗೂ ಅಷ್ಟು ಅಪಾಯವಿರಲಿಲ್ಲ.