ಹುಟ್ಟುವಾಗಲೇ ಕೋಟು ತೊಟ್ಟು ಬಂದವರಿಗೆ

ನಮ್ಮ ನಾಯಿಗೆ ಮೊದಲ ಸಲ ಸ್ವೆಟರ್ ಹಾಕಿದ ದಿನ ಅದು ಮುಂಗಾಲೊಂದನ್ನು ಅರ್ಧಕ್ಕೆ ಎತ್ತಿಕೊಂಡು ನಿಂತದ್ದು ನಿಂತೇಬಿಟ್ಟಿತು. ಕರೆದರೆ ಬರಲಿಲ್ಲ, ಬಿಸ್ಕತ್ತು ತೋರಿಸಿದರೆ ಕಣ್ಣು ಮಾತ್ರ ಹೊರಳಿಸಿತು. ‘ನೋಡ್ರೋ, ಎಷ್ಟು ಚೆಂದ ಪೋಸ್ ಕೊಡ್ತಿದೆ’ ಎಂದು ಮನೆಯವರೆಲ್ಲ ನಗುತ್ತಾ ಫೋಟೊ ತೆಗೆದೆವು. ಈಗ ಆ ಫೋಟೊ ನೋಡಿದರೆ ನಗು ಬರುವುದಿಲ್ಲ. ಕಿವಿಗಳು ಹಿಂದಕ್ಕೆ ಒತ್ತಿಕೊಂಡಿವೆ, ಬಾಲ ಕಾಲ ಸಂದಿಗೆ ಸೇರಿದೆ, ಕಣ್ಣಿನ ಬಿಳಿಭಾಗ ಎದ್ದು ಕಾಣುತ್ತಿದೆ. ಏನು ಮಾಡಬೇಕೆಂದು ತೋಚದೆ ಮರಗಟ್ಟಿ ನಿಂತ ಪ್ರಾಣಿ ಅದು. ಬೆಕ್ಕುಗಳಂತೂ ಮೈಗೆ ಬಟ್ಟೆ ಬಿತ್ತೆಂದರೆ ಎಷ್ಟೋ ಸಲ ಮಗ್ಗುಲಿಗೆ ಧೊಪ್ಪೆಂದು ಉರುಳಿಬಿಡುತ್ತವೆ.

ಹಾಗಾದರೆ ಬಟ್ಟೆ ಬೇಡವೇ? ನಾಯಿಯ ತುಪ್ಪಳವನ್ನೇ ಕೇಳಬೇಕು.

ನಾಯಿಯ ಮೈ ನಮ್ಮದಕ್ಕಿಂತ ಬಿಸಿ: ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಈ ಬಿಸಿಯನ್ನು ಹಿಡಿದಿಡುವಲ್ಲಿ ಕೂದಲಿಗಿಂತ ದೊಡ್ಡ ಪಾತ್ರ ಕೂದಲ ನಡುವೆ ಸಿಕ್ಕಿಕೊಂಡ ಗಾಳಿಯದು. ಹಸ್ಕಿಯಂಥ ತಳಿಗಳಿಗೆ ತುಪ್ಪಳ ಎರಡು ಪದರ. ಒಳಗಿನ ಹತ್ತಿಯಂಥ ಮೆದು ರೋಮ ಗಾಳಿಯನ್ನು ಹಿಡಿದಿಟ್ಟರೆ, ಹೊರಗಿನ ಒರಟು ರೋಮ ನೀರು ಇಳಿಯದಂತೆ ತಡೆಯುತ್ತದೆ. ಚಳಿ ಹೆಚ್ಚಾದರೆ ರೋಮದ ಬುಡದಲ್ಲಿರುವ ಪುಟ್ಟ ಸ್ನಾಯುಗಳು ಬಿಗಿದು ರೋಮ ನಿಮಿರುತ್ತದೆ, ಗಾಳಿಯ ಪದರ ಇನ್ನಷ್ಟು ದಪ್ಪವಾಗುತ್ತದೆ. ಚಳಿಗೆ ನಮ್ಮ ಮೈ ಜುಮ್ಮೆನ್ನುವುದೂ ಇದೇ ಏರ್ಪಾಡಿನಿಂದ. ನಿಮಿರಿಸಲು ನಮಗೆ ತುಪ್ಪಳ ಉಳಿದಿಲ್ಲ, ಅಷ್ಟೇ. ದಟ್ಟ ತುಪ್ಪಳದ ನಾಯಿಗೆ ಬಿಗಿ ಸ್ವೆಟರ್ ಹಾಕಿದರೆ ನಿಮಿರಬೇಕಾದ ರೋಮ ಅದುಮಿ ಮಲಗುತ್ತದೆ. ಇದ್ದ ಗಾಳಿಯನ್ನು ನಾವೇ ಹಿಂಡಿ ತೆಗೆದ ಹಾಗಾಯಿತು.

ಹಿಮದ ಮೇಲೆ ಬರಿಗಾಲಲ್ಲಿ ನಡೆಯುವ ಗುಟ್ಟನ್ನು 2011ರಲ್ಲಿ ಜಪಾನಿನ ಸಂಶೋಧಕರು ನಾಯಿಯ ಪಾದದಲ್ಲೇ ಕಂಡರು. ಅಂಗಾಲಿನ ಮೆತ್ತೆಯಲ್ಲಿ ಬಿಸಿರಕ್ತ ತರುವ ನಾಳಗಳಿಗೆ ತಣ್ಣನೆ ರಕ್ತ ಒಯ್ಯುವ ನಾಳಗಳು ಅಂಟಿಕೊಂಡೇ ಇರುತ್ತವೆ. ಮೈಗೆ ಮರಳುವ ರಕ್ತ ದಾರಿಯಲ್ಲೇ ಬೆಚ್ಚಗಾಗಿಬಿಡುತ್ತದೆ.

ಇಂಥ ಸೌಲಭ್ಯ ಎಲ್ಲಕ್ಕೂ ಸಮನಾಗಿ ಸಿಕ್ಕಿಲ್ಲ. ಗ್ರೇಹೌಂಡ್‌ಗೆ ತುಪ್ಪಳವೂ ತೆಳು, ಚರ್ಮದಡಿಯ ಕೊಬ್ಬೂ ಕಡಿಮೆ. ಸ್ಫಿಂಕ್ಸ್ ಬೆಕ್ಕಿಗೆ ತುಪ್ಪಳ ಇಲ್ಲವೆಂದೇ ಹೇಳಬೇಕು. ಪುಟಾಣಿ ನಾಯಿತಳಿ ಚಿವಾವಾದ ಕಷ್ಟ ಲೆಕ್ಕದ್ದು: ಆಕಾರ ಅದೇ ಇದ್ದು ಉದ್ದ, ಅಗಲ, ಎತ್ತರ ಮೂರೂ ಅರ್ಧವಾದರೆ, ಬಿಸಿ ಹುಟ್ಟಿಸುವ ಮೈಯ ಗಾತ್ರ ಎಂಟನೇ ಒಂದಕ್ಕೆ ಇಳಿಯುತ್ತದೆ, ಬಿಸಿ ಸೋರುವ ಚರ್ಮ ನಾಲ್ಕನೇ ಒಂದಕ್ಕೆ ಮಾತ್ರ. ಹೀಗಾಗಿ ಪುಟ್ಟ ನಾಯಿ ಬೇಗ ತಣ್ಣಗಾಗುತ್ತದೆ. ಮುದಿ ನಾಯಿ, ಕಾಯಿಲೆಯಿಂದ ಸೊರಗಿದ್ದು, ಆಗಷ್ಟೇ ತುಪ್ಪಳ ಬೋಳಿಸಿಕೊಂಡದ್ದು ಇವಕ್ಕೂ ಚಳಿಯಲ್ಲಿ ಹೊರಹೋಗುವಾಗ ಒಂದು ಅಂಗಿ ನಿಜಕ್ಕೂ ಬೇಕಾಗಬಹುದು. ಮಳೆಯ ಲೆಕ್ಕ ಬೇರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ, ಹಾಗಾಗಿ ರೇನ್‌ಕೋಟಿಗೆ ಅರ್ಥವಿದೆ. ಒದ್ದೆಯಾದ ಉಣ್ಣೆಯ ಅಂಗಿಯನ್ನು ಮಾತ್ರ ಮೈಮೇಲೆ ಬಿಡಬಾರದು.

ಚಳಿಗಿಂತ ನನಗೆ ಸೆಕೆಯದೇ ಭಯ. ನಾಯಿ ಬೆವರಿ ತಂಪಾಗುವ ಪ್ರಾಣಿಯಲ್ಲ. ಆ ಬಗೆಯ ಬೆವರಿನ ಗ್ರಂಥಿಗಳು ಅದಕ್ಕಿರುವುದು ಹೆಚ್ಚಾಗಿ ಅಂಗಾಲಿನಲ್ಲಿ. ನಾಲಿಗೆ ಚಾಚಿ ಏದುವುದೇ ಅದರ ಫ್ಯಾನು. ಸಮಾರಂಭಕ್ಕೆಂದು ಜರಿ ಅಂಗಿ ತೊಡಿಸಿ ಜನರ ಗುಂಪಿನಲ್ಲಿ ಕೂರಿಸಿದ ಪಗ್ ಏದುತ್ತಿದ್ದರೆ ಅದು ಖುಷಿಯಿಂದ ನಗುತ್ತಿದೆ ಎಂದುಕೊಳ್ಳುವವರೇ ಹೆಚ್ಚು. ಮೊಂಡುಮೂತಿಯ ತಳಿಗಳಿಗೆ ಮೂಗಿನ ದಾರಿಯೇ ಇಕ್ಕಟ್ಟು, ಅವು ಬೇಗ ಕುಸಿಯುತ್ತವೆ.

ಅಂಗಿ ಇನ್ನೊಂದನ್ನೂ ಮುಚ್ಚುತ್ತದೆ. ಬೆನ್ನ ಮೇಲಿನ ರೋಮ ನಿಮಿರುವುದು, ಬಾಲದ ಏರಿಳಿತ, ಮೈ ಬಿಗಿಯುವುದು ನಾಯಿಗಳ ಆಡುಮಾತು. ಎದುರಿನ ನಾಯಿಗೆ ಅದು ಕಾಣದಿದ್ದರೆ ಜಗಳ ಸುಮ್ಮನೆ ಮೇಲೆ ಬಿದ್ದ ಹಾಗೆ.

ಶಸ್ತ್ರಚಿಕಿತ್ಸೆಯ ನಂತರ ಹೊಲಿಗೆ ನೆಕ್ಕದಂತೆ ಪಶುವೈದ್ಯರು ತೊಡಿಸುವ ಅಂಗಿಯ ಬಗ್ಗೆ ತಕರಾರಿಲ್ಲ. ಉಳಿದಂತೆ ಹಾಕಲೇಬೇಕಾದರೆ ಕತ್ತಿನ ಬಳಿ ಎರಡು ಬೆರಳು ಸಲೀಸಾಗಿ ಆಡಬೇಕು, ಕಿತ್ತು ನುಂಗುವಂಥ ಗುಂಡಿ ಇರಬಾರದು. ಬಿಚ್ಚಿದ ಮೇಲೆ ಕಂಕುಳನ್ನು ಬಿಡಿಸಿ ನೋಡಿ: ಬಟ್ಟೆ ಉಜ್ಜಿ ಕೆಂಪಾಗುವುದು, ತೇವ ನಿಂತು ವಾಸನೆ ಬರುವುದು ಶುರುವಾಗುವುದು ಅಲ್ಲಿಂದಲೇ.

ನಮ್ಮ ಮನೆಯ ಸ್ವೆಟರ್ ಈಗ ನೆಲದ ಮೇಲಿದೆ. ಮಲಗಿದ ನಾಯಿಯ ಮೈಬಿಸಿಯನ್ನು ತಣ್ಣನೆ ನೆಲ ನೇರವಾಗಿ ಹೀರುತ್ತದೆ, ತೆಳು ತುಪ್ಪಳದ ಹೊಟ್ಟೆ ತಾಗುವುದೂ ಅಲ್ಲೇ. ಒಂದು ರಾತ್ರಿ ನಾಯಿಯೇ ಕುರ್ಚಿಯಿಂದ ಸ್ವೆಟರ್ ಎಳೆದು ಕೆಡವಿ, ಮೂರು ಸುತ್ತು ಸುತ್ತಿ, ಅದರ ಮೇಲೆ ಮುದುಡಿ ಮಲಗಿತು.