ಹೊಸ ಪಿಕಪ್ ಆಯಿಲ್ ಕುಡಿಯುತ್ತಾ?

ನಮ್ಮ ಭಾವ ಕೋಲಾರದ ಕಡೆಯವರು. ಟೊಮೆಟೊ ಕ್ರೇಟ್ ಹೊರುವ ಡೀಸೆಲ್ ಪಿಕಪ್ ಇಟ್ಟಿದ್ದಾರೆ. ಹೊಸ ಗಾಡಿ, ಆರು ಸಾವಿರ ಕಿಲೋಮೀಟರ್ ಓಡಿತ್ತು. ಒಂದು ದಿನ ಬೆಳಗಿನ ಜಾವ ಮಂಡಿಗೆ ಹೊರಡುವ ಮುಂಚೆ ಫೋನ್ ಮಾಡಿದರು. "ಏನಪ್ಪಾ, ಡಿಪ್‌ಸ್ಟಿಕ್ ತೆಗೆದು ನೋಡಿದ್ರೆ ಆಯಿಲ್ ಕೆಳಗಿನ ಗೀಟಿಗೆ ಬಂದಿದೆ. ಹೊಸ ಗಾಡಿ ಆಯಿಲ್ ಕುಡೀತದಾ? ಮೋಸ ಹೋದ್ನಾ?"

ಸರ್ವಿಸ್‌ನವರು "ಅದು ನಾರ್ಮಲ್" ಅಂದಿದ್ದರು. ಮಂಡಿಯಲ್ಲಿ ಒಬ್ಬರು "ದಪ್ಪ ಆಯಿಲ್ ಹಾಕ್ಸು, ನಿಂತುಹೋಗುತ್ತೆ" ಅಂದರಂತೆ. ಇನ್ನೊಬ್ಬರು ದೃಷ್ಟಿ ತಾಗಿದೆ, ನಿಂಬೆಹಣ್ಣು ಕಟ್ಟು ಅಂದರಂತೆ. ಮೂರರಲ್ಲಿ ಮೊದಲನೇ ಮಾತೊಂದೇ ನಿಜಕ್ಕೆ ಹತ್ತಿರ. ಆದರೆ ಯಾಕೆ ನಾರ್ಮಲ್, ಎಷ್ಟರವರೆಗೆ ನಾರ್ಮಲ್ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಕಾರಣ ಹೇಳದಿದ್ದರೆ ಆ ಜಾಗಕ್ಕೆ ನಿಂಬೆಹಣ್ಣು ಬಂದು ಕೂರುತ್ತೆ. ನನಗೆ ಬೇಜಾರಾಗೋದು ಅದಕ್ಕೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಯಿಲನ್ನು ಒಂದು ಹನಿಯೂ ಸುಡದ ಎಂಜಿನ್ ರಸ್ತೆಯ ಮೇಲೆ ಇಲ್ಲ. ಹಾಗೆ ಇರಲೂ ಬಾರದು. ಪಿಸ್ಟನ್ ಮೇಲೆ ಕೆಳಗೆ ಓಡುವಾಗ ಸಿಲಿಂಡರ್ ಗೋಡೆಯ ಮೇಲೆ ಆಯಿಲ್‌ನ ತೆಳು ಪದರ ಇರಲೇಬೇಕು. ಇಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಸೀಜ್ ಆಗುತ್ತೆ. ಪಿಸ್ಟನ್ ಕೆಳಗಿಳಿದಾಗ ಆ ಗೋಡೆ ಬೆಂಕಿಗೆ ಬೆತ್ತಲಾಗಿ ನಿಲ್ಲುತ್ತದೆ. ಪದರದಲ್ಲಿ ಸ್ವಲ್ಪ ಭಾಗ ಉರಿದುಹೋಗುತ್ತದೆ. ತಪ್ಪಿಸೋಕೆ ಆಗಲ್ಲ.

ದೋಸೆ ಕಾವಲಿ ನೆನಪಿಸಿಕೊಳ್ಳಿ. ಎಣ್ಣೆ ಹಾಕಿ, ಅರ್ಧ ಈರುಳ್ಳಿಯಿಂದ ಸವರುತ್ತೀರಿ. ಜಾಸ್ತಿ ಉಳಿದರೆ ಹೊಗೆ, ಪೂರ್ತಿ ಒರೆಸಿದರೆ ದೋಸೆ ಏಳಲ್ಲ. ಉಳಿಯಬೇಕಾದ್ದು ಕಣ್ಣಿಗೆ ಕಾಣದಷ್ಟು ಜಿಡ್ಡು. ಎಂಜಿನ್ನಿನಲ್ಲಿ ಈ ಈರುಳ್ಳಿಯ ಕೆಲಸ ಮಾಡೋದು ಪಿಸ್ಟನ್ ರಿಂಗ್, ಅಂದರೆ ಪಿಸ್ಟನ್ನಿನ ಸುತ್ತ ಕೂತಿರುವ ಲೋಹದ ಬಳೆ. ಅದೂ ನಿಮಿಷಕ್ಕೆ ಸಾವಿರಾರು ಸಲ.

ಒಂದು ಲೆಕ್ಕ ಹಾಕೋಣ. 85 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳ ಅಗಲ), 96 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ), ನಾಲ್ಕು ಸಿಲಿಂಡರ್. ಅಂದರೆ ಹೆಚ್ಚುಕಮ್ಮಿ 2.2 ಲೀಟರ್ ಎಂಜಿನ್. ಗೋಡೆಯ ಮೇಲೆ ಒಂದೇ ಒಂದು ಮೈಕ್ರಾನ್ ದಪ್ಪ ಆಯಿಲ್ ಉಳಿದಿದೆ ಅಂದುಕೊಳ್ಳಿ. ನಮ್ಮ ತಲೆಗೂದಲ ದಪ್ಪ ಸುಮಾರು 70 ಮೈಕ್ರಾನ್. ಒಂದು ಸಿಲಿಂಡರಿನ ಗೋಡೆಯ ಮೇಲಿನ ಆ ಪದರದಲ್ಲಿರೋದು 0.026 ಎಂ.ಎಲ್. ಆಯಿಲ್, ಅರ್ಧ ಹನಿ. ಎಂಜಿನ್ 2000 ಆರ್‌ಪಿಎಂನಲ್ಲಿ ಓಡುವಾಗ ನಾಲ್ಕೂ ಸಿಲಿಂಡರ್ ಸೇರಿ ನಿಮಿಷಕ್ಕೆ 4000 ಸಲ ಬೆಂಕಿ ಹತ್ತುತ್ತೆ. ಪ್ರತಿ ಸಲವೂ ಆ ಪದರ ಪೂರ್ತಿ ಉರಿದರೆ ನಿಮಿಷಕ್ಕೆ 100 ಎಂ.ಎಲ್. ಖಾಲಿ. ಗಂಟೆಗೆ ಆರು ಲೀಟರ್! ಕೋಲಾರದಿಂದ ಹೊರಟ ಗಾಡಿ ಬೆಂಗಳೂರು ಮುಟ್ಟುವಷ್ಟರಲ್ಲಿ ಸಂಪ್, ಅಂದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ, ಮೆಕ್ಯಾನಿಕ್‌ಗಳು ಚೇಂಬರ್ ಅನ್ನೋ ತಟ್ಟೆ, ಒಣಗಿರಬೇಕಿತ್ತು.

ನಿಜವಾಗಿ ಎಷ್ಟು ಹೋಗುತ್ತೆ? 3200 ಕಿಲೋಮೀಟರಿಗೆ ಒಂದು ಲೀಟರ್ ಕುಡಿಯುವ ಗಾಡಿಯನ್ನೇ ತೆಗೆದುಕೊಳ್ಳಿ. ಗಂಟೆಗೆ 50 ಕಿಲೋಮೀಟರ್ ಲೆಕ್ಕದಲ್ಲಿ ಅಷ್ಟು ದೂರಕ್ಕೆ 64 ಗಂಟೆ. ಭಾಗಿಸಿ ನೋಡಿದರೆ ಸುಮಾರು 750 ಸ್ಫೋಟಕ್ಕೆ ಒಂದು ಹನಿ. ಆ ಒಂದು ಮೈಕ್ರಾನ್ ಪದರದಲ್ಲೂ 400ರಲ್ಲಿ ಒಂದು ಪಾಲು ಮಾತ್ರ ಸುಡುತ್ತಿದೆ. ಈ ಲೆಕ್ಕ ಮೊದಲ ಸಲ ಮಾಡಿದಾಗ ನಾನು ಪೆನ್ನು ಕೆಳಗಿಟ್ಟು ಸುಮ್ನೆ ಕೂತಿದ್ದೆ. ಆಯಿಲ್ ಕುಡಿಯುತ್ತೆ ಅಂತ ನಾವು ಬೈಯುವ ಎಂಜಿನ್ನೂ ಎಷ್ಟು ಅಚ್ಚುಕಟ್ಟಾಗಿ ಒರೆಸುತ್ತಿದೆ ಅಲ್ವಾ?

ಇಂಥ ನಾಜೂಕು ಒಂದೇ ದಿನದಲ್ಲಿ ಬಂದಿದ್ದಲ್ಲ. ಜೇಮ್ಸ್ ವಾಟ್ ಉಗಿ ಯಂತ್ರ ಮಾಡುವಾಗ ದುಂಡಗಿನ ಸಿಲಿಂಡರ್ ಸಿಗೋದೇ ಕಷ್ಟವಾಗಿತ್ತು. 1775ರ ಹೊತ್ತಿಗೆ ಜಾನ್ ವಿಲ್ಕಿನ್ಸನ್ ಎಂಬ ಕಬ್ಬಿಣದ ಉದ್ಯಮಿ ತನ್ನ ಹೊಸ ಬೋರಿಂಗ್ ಯಂತ್ರದಲ್ಲಿ ಅವನಿಗೆ ಸಿಲಿಂಡರ್ ಕೊರೆದುಕೊಟ್ಟ. 50 ಅಂಗುಲ ಅಗಲದ ಸಿಲಿಂಡರಿನಲ್ಲಿ ಎಲ್ಲೂ ಹಳೇ ಶಿಲಿಂಗ್ ನಾಣ್ಯದ ದಪ್ಪದಷ್ಟೂ ವ್ಯತ್ಯಾಸ ಇಲ್ಲ ಅಂತ ವಾಟ್‌ನ ಪಾಲುದಾರ ಮ್ಯಾಥ್ಯೂ ಬೋಲ್ಟನ್ ಹೆಮ್ಮೆಯಿಂದ ಬರೆದ. ನಾಣ್ಯದ ದಪ್ಪ! ನಾವಿಲ್ಲಿ ಮೈಕ್ರಾನ್ ಮಾತಾಡುತ್ತಿದ್ದೇವೆ. ಉಳಿದ ಸಂದಿಗೆ ಅವರು ತುರುಕುತ್ತಿದ್ದದ್ದು ಪ್ರಾಣಿಗಳ ಕೊಬ್ಬಿನಲ್ಲಿ ಅದ್ದಿದ ನಾರಿನ ಹುರಿ. ಅದು ಬೇಗ ಸವೆಯುತ್ತಿತ್ತು, ಮತ್ತೆ ಮತ್ತೆ ತುಂಬಬೇಕಿತ್ತು. 1852ರಲ್ಲಿ ಜಾನ್ ರಾಮ್ಸ್‌ಬಾಟಮ್ ಎಂಬ ಇಂಗ್ಲಿಷ್ ರೈಲ್ವೆ ಎಂಜಿನಿಯರ್ ಒಂದು ಸರಳ ಉಪಾಯ ಹುಡುಕಿದ. ಬೋರ್‌ಗಿಂತ ಸ್ವಲ್ಪ ದೊಡ್ಡದಾದ ಲೋಹದ ಬಳೆ, ಅದರಲ್ಲಿ ಒಂದು ಸೀಳು. ಅದುಮಿ ಒಳಗೆ ತೂರಿಸಿದರೆ ತಾನಾಗಿ ಹೊರಕ್ಕೆ ಅರಳಿ ಗೋಡೆಗೆ ಅಂಟಿಕೊಳ್ಳುತ್ತೆ. ಇವತ್ತಿಗೂ ನಿಮ್ಮ ಗಾಡಿಯಲ್ಲಿರೋದು ಅದೇ ಸೀಳು ಬಳೆ.

ಆದರೆ ಒಂದು ಗುಟ್ಟಿದೆ, ಇದು ನನಗೆ ಬಲು ಇಷ್ಟ. ರಿಂಗ್ ತನ್ನ ಸ್ಪ್ರಿಂಗ್ ಬಲದಿಂದಲೇ ಬೆಂಕಿಯ ಒತ್ತಡವನ್ನು ತಡೆಯುತ್ತೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ. ಬೆಂಕಿಯ ಗ್ಯಾಸ್ ರಿಂಗಿನ ಹಿಂದೆ, ಪಿಸ್ಟನ್ನಿನ ಮೇಲೆ ರಿಂಗ್ ಕೂರುವ ತೋಡಿನೊಳಗೆ ನುಗ್ಗಿ, ಅದನ್ನು ಹಿಂದಿನಿಂದ ಗೋಡೆಗೆ ಒತ್ತುತ್ತದೆ. ಮುಚ್ಚಳ ಒಳಗಿನಿಂದ ಕೂರುವ ಪ್ರೆಶರ್ ಕುಕ್ಕರ್ ಇದೆಯಲ್ಲ, ಉಗಿ ಹೆಚ್ಚಿದಷ್ಟೂ ಮುಚ್ಚಳ ಬಿಗಿಯಾಗುತ್ತೆ. ಹಾಗೇ ಇದು. ಮನೆಗೆ ನುಗ್ಗಲು ಬಂದವನ ಕೈಯಲ್ಲೇ ಬಾಗಿಲು ಹಾಕಿಸಿದಂತೆ! ಹೊಸ ಗಾಡಿಗೆ ತಿಂಗಳುಗಟ್ಟಲೆ ಲೋಡೇ ಹಾಕದೆ ಮೆಲ್ಲಗೆ ಓಡಿಸಬೇಕು ಅನ್ನುವ ನಂಬಿಕೆ ಅರ್ಧ ತಪ್ಪಾಗೋದೂ ಇಲ್ಲೇ. ಓವರ್‌ಲೋಡ್ ಬೇಡ, ಸರಿ. ಆದರೆ ಗ್ಯಾಸಿನ ಒತ್ತಡವೇ ಸಿಗದಿದ್ದರೆ ರಿಂಗ್ ಗೋಡೆಗೆ ಹೊಂದಿಕೊಂಡು ಕೂರೋದೂ ಇಲ್ಲ. ಸಿಲಿಂಡರ್ ಗೋಡೆಯ ಮೇಲೆ ಬೇಕಂತಲೇ ಕತ್ತರಿ ಗೀಟುಗಳನ್ನು ಎಳೆದಿರುತ್ತಾರೆ, ಆಯಿಲ್ ಹಿಡಿದಿಟ್ಟುಕೊಳ್ಳಲಿ ಅಂತ. ಒರಳು ಕಲ್ಲು ನುಣ್ಣಗಾದಾಗ ಉಳಿಯಿಂದ ಕುಟ್ಟಿಸುತ್ತಿದ್ದರಲ್ಲ, ಆ ಥರದ ಒರಟು. ಬರೀ ಮೆಲ್ಲಗೆ ಓಡಿಸಿದರೆ ಆ ಗೀಟುಗಳಲ್ಲಿ ಆಯಿಲ್ ಸುಟ್ಟು ಗಾಜಿನಂತೆ ನುಣುಪಾಗಿಬಿಡಬಹುದು. ಆಮೇಲೆ ಎಂಜಿನ್ ಆಯಿಲ್ ಕುಡಿಯೋಕೆ ಶುರು.

ಈಗ ಅಸಲು ವಿಷಯ. ಮೇಲಿನ ರಿಂಗಿಗೆ ಗ್ಯಾಸಿನ ಸಹಾಯ ಸಿಗುತ್ತೆ. ಎಲ್ಲಕ್ಕಿಂತ ಕೆಳಗಿರುವ ಆಯಿಲ್ ರಿಂಗಿಗೆ ಅದು ಸಿಗಲ್ಲ. ಗೋಡೆಯ ಆಯಿಲ್ ಹೆರೆದು, ಸಣ್ಣ ತೂತುಗಳ ಮೂಲಕ ವಾಪಸ್ ಸಂಪಿಗೆ ಕಳಿಸುವ ಈ ರಿಂಗಿಗೆ ಇರೋದು ತನ್ನ ಸ್ಪ್ರಿಂಗಿನ ಬಿಗಿತ ಅಷ್ಟೇ. ಬಿಗಿ ಜಾಸ್ತಿ ಇದ್ದರೆ ಚೆನ್ನಾಗಿ ಒರೆಸುತ್ತೆ, ಆದರೆ ಉಜ್ಜುವಿಕೆ ಜಾಸ್ತಿ, ಮೈಲೇಜ್ ಕಮ್ಮಿ. ಎಂಜಿನ್ನಿನೊಳಗಿನ ಉಜ್ಜುವಿಕೆಯಲ್ಲಿ ರಿಂಗ್‌ಗಳದ್ದು ದೊಡ್ಡ ಪಾಲು. ಸರ್ಕಾರಗಳು ಮೈಲೇಜ್, ಹೊಗೆ ಎರಡರ ಮೇಲೂ ನಿಯಮ ಬಿಗಿ ಮಾಡುತ್ತಾ ಹೋದ ಹಾಗೆ ಎಂಜಿನಿಯರುಗಳು ರಿಂಗ್ ಸಡಿಲ ಮಾಡಿದರು, ಆಯಿಲ್ ತೆಳುವಾಯಿತು. ನಾವು ಡೀಸೆಲ್‌ನಲ್ಲಿ ಉಳಿಸಿದ ದುಡ್ಡಿನಲ್ಲಿ ಒಂದಿಷ್ಟು ಆಯಿಲ್ ಡಬ್ಬಕ್ಕೆ ಹೋಗುತ್ತಿದೆ. ಲೆಕ್ಕ ಹಾಕಿದರೆ ಇದು ಲಾಭದ ವ್ಯಾಪಾರವೇ. ಆದರೆ ಗಾಡಿ ಮಾರುವಾಗ ಇದನ್ನು ಬಾಯಿಬಿಟ್ಟು ಹೇಳಬೇಕು.

ಈ ಹೊಂದಾಣಿಕೆ ಕೈ ಮೀರಿದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ್ದೊಂದು ಪ್ರಕರಣ ಇದೆ. ಅಲ್ಲಿ ಪಿಕಪ್ ಅಂದರೆ ಮನೆ ಮಂದಿಯೆಲ್ಲ ಓಡಾಡುವ ಎಂಟು ಸಿಲಿಂಡರಿನ ದೊಡ್ಡ ಗಾಡಿ. ಜನರಲ್ ಮೋಟಾರ್ಸ್‌ನ 5.3 ಲೀಟರ್ ವಿ8 ಎಂಜಿನ್‌ಗೆ ಒಂದು ಜಾಣ ವ್ಯವಸ್ಥೆ ಇತ್ತು. ಹೆದ್ದಾರಿಯಲ್ಲಿ ಹಗುರವಾಗಿ ಓಡುವಾಗ ಎಂಟರಲ್ಲಿ ನಾಲ್ಕು ಸಿಲಿಂಡರ್ ಮಲಗಿಬಿಡುತ್ತವೆ, ಪೆಟ್ರೋಲ್ ಉಳಿಯುತ್ತೆ. ಅವನ್ನು ಮಲಗಿಸಿ ಎಬ್ಬಿಸೋದು ಆಯಿಲ್ ಒತ್ತಡದಿಂದ. ಆ ವ್ಯವಸ್ಥೆ ಕೆಲಸ ಮಾಡುವಾಗ ಹೆಚ್ಚಿನ ಒತ್ತಡ ಬಿಡುವ ವಾಲ್ವ್ ಒಂದರಿಂದ ಆಯಿಲ್ ಒಳಗೇ ಚಿಮ್ಮುತ್ತಿತ್ತು. ರಿಂಗ್‌ಗಳು ಒರೆಸುವುದಕ್ಕಿಂತ ಜಾಸ್ತಿ ಆಯಿಲ್ ಗೋಡೆಗೆ ಬಿತ್ತು. ಉಳಿದದ್ದು ಸುಟ್ಟು ಕಾರ್ಬನ್ ಆಯಿತು, ಕಾರ್ಬನ್ ಕೂತು ರಿಂಗ್ ಹಿಡಿದುಕೊಂಡಿತು, ಹಿಡಿದ ರಿಂಗ್ ಇನ್ನೂ ಕಮ್ಮಿ ಒರೆಸಿತು. ಕಂಪನಿ ಆ ವಾಲ್ವ್‌ಗೆ ಒಂದು ತಗಡಿನ ಮರೆ ಕೊಟ್ಟಿತು. 2000 ಮೈಲಿಗೆ ಒಂದು ಕ್ವಾರ್ಟ್, ಅಂದರೆ 3200 ಕಿಲೋಮೀಟರಿಗೆ ಸುಮಾರು 950 ಎಂ.ಎಲ್., ಹೋಗುವವರೆಗೂ ಒಪ್ಪಬಹುದಾದ್ದು ಅಂತ ಅದರ ಸರ್ವಿಸ್ ಸೂಚನೆ ಹೇಳುತ್ತಿತ್ತು. 2011ರಿಂದ 2014ರ ಮಾಡೆಲ್‌ಗಳ ಮಾಲೀಕರು ಒಪ್ಪಲಿಲ್ಲ, ರಿಂಗ್‌ಗಳಲ್ಲೇ ದೋಷ ಇದೆ ಅಂತ ಕೋರ್ಟಿಗೆ ಹೋದರು. 2022ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜ್ಯೂರಿ ಮಾಲೀಕರ ಪರ 10 ಕೋಟಿ 26 ಲಕ್ಷ ಡಾಲರ್ ತೀರ್ಪು ಕೊಟ್ಟಿತು. ತಲಾ 2700 ಡಾಲರ್.

ದಪ್ಪ ಆಯಿಲ್ ಹಾಕಿದರೆ ನಿಲ್ಲುತ್ತಾ? ಆಯಿಲ್ ಬರೀ ಸೋರಿ ಹೋಗಲ್ಲ, ಆವಿಯಾಗಿಯೂ ಹೋಗುತ್ತೆ. ಇದನ್ನು ಅಳೆಯೋಕೆ ನೋಆಕ್ ಅನ್ನುವ ಪರೀಕ್ಷೆ ಇದೆ. ಆಯಿಲನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಎಷ್ಟು ಹಾರಿಹೋಯಿತು ಅಂತ ತೂಗುತ್ತಾರೆ. ಪೆಟ್ರೋಲ್ ಎಂಜಿನ್ನಿನ ಸಾಮಾನ್ಯ ಮಾನದಂಡದಲ್ಲಿ ನೂರಕ್ಕೆ 15 ಪಾಲು ಹೋದರೂ ಪಾಸು! ತೆಳು ಆಯಿಲ್ ಆದರೂ ಒಳ್ಳೆಯ ಸಿಂಥೆಟಿಕ್ ಕಮ್ಮಿ ಹಾರಬಹುದು, ದಪ್ಪ ಆಯಿಲ್ ಆದರೂ ಕಳಪೆಯಾಗಿದ್ದರೆ ಜಾಸ್ತಿ ಹಾರಬಹುದು. ಕಾರ್ಬನ್ ಹಿಡಿದ ರಿಂಗನ್ನು ದಪ್ಪ ಆಯಿಲ್ ಬಿಡಿಸಲ್ಲ. ಆಯಿಲ್ ಎಷ್ಟು ದಪ್ಪ ಅಂತ ಹೇಳುವ ಗುರುತನ್ನು ಕಂಪನಿ 5ಡಬ್ಲ್ಯು30 ಅಂತ ಬರೆದಿದ್ದರೆ ಅದನ್ನೇ ಹಾಕಿ. ಆ ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ವೆಯ್ಟ್, ಅಂದರೆ ತೂಕ, ಅಲ್ಲ.

ಆಯಿಲ್ ಹೋಗುವ ದಾರಿ ಇನ್ನೂ ಇವೆ: ವಾಲ್ವ್ ಸೀಲ್ (ವಾಲ್ವ್ ಸಂದಿಯಿಂದ ಆಯಿಲ್ ಇಳಿಯದಂತೆ ತಡೆಯೋದು), ಟರ್ಬೊ (ಎಂಜಿನ್ನಿಗೆ ಗಾಳಿ ತುರುಕೋದು), ಬ್ರೀದರ್ ಪೈಪ್ (ಎಂಜಿನ್ನಿನೊಳಗಿನ ಗ್ಯಾಸ್ ಹೊರಗೆ ಬಿಡೋದು). ಪೆಟ್ರೋಲ್ ಗಾಡಿ ಘಾಟಿ ಇಳಿದು, ಮತ್ತೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಒಂದು ಉಂಡೆ ಬಂದರೆ ವಾಲ್ವ್ ಸೀಲ್ ಕಡೆ ನೋಡಿ.

ಆದರೆ ಹೊಗೆ ನೋಡಿ ರೋಗ ಹೇಳುವ ಕಾಲ ಮುಗಿಯುತ್ತಾ ಬಂತು. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂತು. ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಜರಡಿ ಕೂತಿತು. ಸುಟ್ಟ ಆಯಿಲ್‌ನ ಹೊಗೆಯನ್ನೂ ಅದು ಬಹುಪಾಲು ಹಿಡಿದುಬಿಡುತ್ತೆ. ಆಯಿಲ್ ಹೋಗುತ್ತಿದ್ದರೂ ಹಿಂದೆ ಬರುವವರಿಗೆ ಏನೂ ಕಾಣಲ್ಲ. ಜರಡಿಯಲ್ಲಿ ಸಿಕ್ಕ ಮಸಿಯನ್ನು ಎಂಜಿನ್ ಆಗಾಗ ಬಿಸಿ ಏರಿಸಿ ಸುಟ್ಟುಹಾಕುತ್ತೆ. ಆದರೆ ಆಯಿಲ್‌ನೊಳಗಿನ ಕ್ಯಾಲ್ಸಿಯಂ, ಸತುವಿನ ಬೂದಿ ಸುಡಲ್ಲ, ಅಲ್ಲೇ ಉಳಿಯುತ್ತೆ. ಒಲೆಯಲ್ಲಿ ಸೌದೆ ಉರಿದರೂ ಬೂದಿ ಉಳಿಯುವಂತೆ. ಹಾಗಾಗಿ ಈಗ ಆಯಿಲ್ ಕುಡಿಯುವ ಎಂಜಿನ್ ಅಂದರೆ ಡಬ್ಬದ ಖರ್ಚು ಮಾತ್ರ ಅಲ್ಲ, ಜರಡಿಯ ಆಯಸ್ಸೂ ಹೌದು.

ಇನ್ನೊಂದು ಬಲೆ ಇದೆ. ಜರಡಿ ಬಿಸಿ ಮಾಡಲು ಅನೇಕ ಎಂಜಿನ್‌ಗಳು ತಡವಾಗಿ ಸ್ವಲ್ಪ ಹೆಚ್ಚು ಡೀಸೆಲ್ ಚಿಮ್ಮಿಸುತ್ತವೆ. ಅದರಲ್ಲಿ ಸ್ವಲ್ಪ ಗೋಡೆ ಹಿಡಿದು ಕೆಳಗಿಳಿದು ಆಯಿಲ್‌ಗೆ ಬೆರೆಯುತ್ತೆ. ಹತ್ತು ನಿಮಿಷ ಓಡಿಸಿ ಆಫ್ ಮಾಡುವವರಲ್ಲಿ ಈ ಸುಡುವ ಕೆಲಸ ಅರ್ಧಕ್ಕೇ ನಿಂತು, ಮತ್ತೆ ಮತ್ತೆ ಶುರುವಾಗಿ, ಡೀಸೆಲ್ ಇನ್ನೂ ಸೇರುತ್ತೆ. ಅರ್ಧ ಲೀಟರ್ ಆಯಿಲ್ ಹೋಗಿ ಅರ್ಧ ಲೀಟರ್ ಡೀಸೆಲ್ ಸೇರಿದರೆ ಡಿಪ್‌ಸ್ಟಿಕ್ ಮೇಲೆ ಮಟ್ಟ ಅಲ್ಲಾಡಿರಲ್ಲ. ಆದರೆ ಒಳಗಿನ ಆಯಿಲ್ ನೀರಿನಂತೆ ತೆಳುವಾಗಿರುತ್ತೆ.

ಭಾವನಿಗೆ ಇಷ್ಟೂ ಹೇಳಿ, ಒಂದು ನೋಟ್‌ಬುಕ್ ಇಡಿ ಅಂದೆ. ಸಮತಟ್ಟಾದ ಜಾಗ, ಗಾಡಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ಒರೆಸಿ, ಮತ್ತೆ ತೂರಿಸಿ ತೆಗೆದು ನೋಡೋದು. ಕಿಲೋಮೀಟರ್ ಎಷ್ಟು, ಹಾಕಿದ್ದು ಎಷ್ಟು ಎಂ.ಎಲ್. ಅಂತ ಬರೆಯೋದು. ಆಯಿಲ್ ಕಪ್ಪಾಗಿದ್ದರೆ ಗಾಬರಿ ಬೇಡ. ಡೀಸೆಲ್ ಎಂಜಿನ್ನಿನಲ್ಲಿ ಮಸಿಯನ್ನು ತೇಲಿಸಿಕೊಂಡು ಇಟ್ಟುಕೊಳ್ಳೋದೇ ಆಯಿಲ್‌ನ ಕೆಲಸ. ನೋಡಬೇಕಾದ್ದು ಲೆಕ್ಕ ಬದಲಾಗುತ್ತಾ ಅಂತ. ಅವರ ಮೊದಲ ಆರು ಸಾವಿರಕ್ಕೆ ಒಂದು ಲೀಟರ್ ಹೋಗಿತ್ತು. ಮುಂದಿನ ಆರು ಸಾವಿರಕ್ಕೆ 600 ಎಂ.ಎಲ್. ರಿಂಗ್ ಹೊಂದಿಕೊಂಡು ಕೂತ ಲಕ್ಷಣ.

ಹೋದ ತಿಂಗಳು ಮತ್ತೆ ಫೋನ್. "ಈಗ ಕುಡಿಯೋದೇ ಬಿಟ್ಟಿದೆ ಕಣಪ್ಪಾ, ಮೇಲಿನ ಗೀಟು ದಾಟಿದೆ!" ಖುಷಿಯಲ್ಲಿದ್ದರು. ಟೊಮೆಟೊ ಸೀಸನ್ ಮುಗಿದು, ಒಂದೂವರೆ ತಿಂಗಳಿಂದ ಗಾಡಿ ಊರು ಮಂಡಿ ನಡುವೆ ಮಾತ್ರ ಓಡಾಡಿತ್ತು. "ಕಡ್ಡಿ ಮೂಗಿನ ಹತ್ತಿರ ಹಿಡೀರಿ ಭಾವ" ಅಂದೆ. ಒಂದು ಕ್ಷಣ ಸುಮ್ಮನಿದ್ದರು.

"ಡೀಸೆಲ್ ವಾಸನೆ" ಅಂದರು.

ಅವತ್ತೇ ಆಯಿಲ್ ಬದಲಾಯಿಸಿದರು.